ಡೀಸೆಲ್ ಲಾರಿಯೂ ಹೇಮಂತದ ಚಳಿಯೂ

ಕಲಬುರಗಿಯ ಸೀಮೆಗೆ ಬಿಸಿಲಿನ ಖ್ಯಾತಿಯುಂಟೇ ಹೊರತು ಚಳಿಯ ಖ್ಯಾತಿಯಿಲ್ಲ. ಆದರೂ ಮಾರ್ಗಶಿರ ಪುಷ್ಯ ಮಾಸಗಳ ಬೆಳಗಿನ ಜಾವದಲ್ಲಿ ಕಮಲಾಪುರದ ಹೆದ್ದಾರಿಯ ಮಗ್ಗುಲಿಗೆ ನಿಂತವರು, ರಾತ್ರಿಯೆಲ್ಲ ಬಯಲಿನಲ್ಲಿದ್ದ ಲಾರಿಯೊಂದು ಎರಡು ಮೂರು ಸಾರಿ ಕೆಮ್ಮಿ, ಬಿಳಿಯ ಹೊಗೆಯನ್ನುಗುಳಿ, ಬಹು ಪ್ರಯಾಸದಿಂದ ಎಚ್ಚರಗೊಳ್ಳುವುದನ್ನು ಕಂಡಿರಬಹುದು. 12-13 ಡಿಗ್ರಿಯ ನಮ್ಮ ಚಳಿಗೇ ಹೀಗಾದರೆ, ತೊಗರಿಯ ರಾಶಿ ಮುಗಿದ ಮೇಲೆ ಮೂಟೆಗಳನ್ನು ಹೊತ್ತು ಹುಮನಾಬಾದಿನ ದಾರಿಯಾಗಿ ಉತ್ತರದೇಶಕ್ಕೆ ತೆರಳುವ ಲಾರಿಗಳ ಗತಿಯೇನು? ನಮ್ಮ ತೊಗರಿಗೆ 2019ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆಯು ದೊರೆಯಿತೆಂದು ನಾವು ಹೆಮ್ಮೆಪಡುತ್ತೇವೆ. ಅದನ್ನು ಸಾಗಿಸುವವರು ನಮ್ಮ ನಿಮ್ಮ ಮನೆಯ ಮಕ್ಕಳೇ. ಆದುದರಿಂದ ಈ ವಿಷಯವನ್ನು ಗೃಹಸ್ಥರೂ ಗೃಹಿಣಿಯರೂ ಅಷ್ಟಿಷ್ಟು ತಿಳಿದಿರುವುದು ಉಚಿತ.

ಡೀಸೆಲ್ ಯಂತ್ರದಲ್ಲಿ ಕಿಡಿ ಹೊತ್ತಿಸುವ ಸಾಧನವಿಲ್ಲ. ಸೈಕಲ್ಲಿನ ಪಂಪನ್ನು ಬಿರುಸಾಗಿ ಒತ್ತಿದರೆ ಅದರ ತುದಿಯು ಬಿಸಿಯಾಗುವುದನ್ನು ಮಕ್ಕಳೂ ಬಲ್ಲರು. ಈ ತತ್ತ್ವವನ್ನೇ ಜರ್ಮನಿಯ ರುಡಾಲ್ಫ್ ಡೀಸೆಲ್ ಎಂಬ ವಿದ್ವಾಂಸನು ಯಂತ್ರಕ್ಕೆ ಅಳವಡಿಸಿ 1897ರಲ್ಲಿ ಸಫಲನಾದನು. ಕೊಳವೆಯೊಳಗಿನ ಗಾಳಿಯನ್ನು ಅದರ ಗಾತ್ರದ 16-18ರಲ್ಲಿ ಒಂದು ಪಾಲಿಗೆ ಅದುಮಿದಾಗ ಅದು 500 ಡಿಗ್ರಿಗೂ ಮೀರಿ ಕಾಯುವುದು. ಅದರೊಳಕ್ಕೆ ಸಿಂಪಡಿಸಿದ ಎಣ್ಣೆಯು ತಾನಾಗಿಯೇ ಹೊತ್ತಿಕೊಳ್ಳುವುದು. ಅರಣಿಯ ಕಡ್ಡಿಗಳನ್ನು ಮಥಿಸಿ ಅಗ್ನಿಯನ್ನು ಪಡೆಯುವಂತೆ, ಇಲ್ಲಿ ಒತ್ತಡದಿಂದಲೇ ಅಗ್ನಿಯ ಜನನ. ಆದರೆ ಸುತ್ತಲಿನ ಕಬ್ಬಿಣವೇ ತಣ್ಣಗೆ ಕೊರೆಯುತ್ತಿದ್ದರೆ ಹುಟ್ಟಿದ ಶಾಖವನ್ನೆಲ್ಲ ಅದು ಹೀರಿಬಿಡುವುದು. ಎಣ್ಣೆಯು ಉರಿಯದೆ ಬಿಳಿಹೊಗೆಯಾಗಿ ಹೊರಬೀಳುವುದು. ಇದನ್ನು ತಪ್ಪಿಸಲೆಂದೇ ಅನೇಕ ಯಂತ್ರಗಳಲ್ಲಿ ಒಳಬರುವ ಗಾಳಿಯನ್ನೋ ದಹನದ ಕೋಣೆಯನ್ನೋ ಮೊದಲೇ ಕಾಯಿಸುವ ವಿದ್ಯುತ್ ಸಾಧನವಿರುತ್ತದೆ. ಅದರ ದೀಪವು ಆರುವವರೆಗೆ ಕಾಯುವ ತಾಳ್ಮೆಯು ಚಾಲಕನಿಗಿರಬೇಕು.

ಚಳಿಯು ಇನ್ನೂ ಮೂರು ಕಡೆಗಳಿಂದ ಲಾರಿಯನ್ನು ಬಾಧಿಸುತ್ತದೆ. ಮೊದಲನೆಯದು ಬ್ಯಾಟರಿ. ಸೊನ್ನೆಗಿಂತ 18 ಡಿಗ್ರಿ ಕೆಳಗಿನ ಶೀತದಲ್ಲಿ ಅದರ ಬಲವು ಹೆಚ್ಚು ಕಡಿಮೆ ಅರ್ಧಕ್ಕಿಳಿಯುವುದು. ಯಂತ್ರವನ್ನು ತಿರುಗಿಸಲು ಹೆಚ್ಚಿನ ಬಲವು ಬೇಕಾಗುವುದೂ ಆ ಹೊತ್ತಿನಲ್ಲಿಯೇ. ಎರಡನೆಯದು ಯಂತ್ರದೊಳಗಿನ ಜಿಡ್ಡೆಣ್ಣೆ; ಚಳಿಯಲ್ಲಿ ಅದು ಕಾಕಂಬಿಯಂತೆ ಮಂದವಾಗುವುದು. ಡಬ್ಬಿಯ ಮೇಲೆ 15ಡಬ್ಲ್ಯು-40 ಎಂದು ಬರೆದಿರುವುದರಲ್ಲಿ ಮೊದಲಿನ ಅಂಕೆಯು ಶೀತಕಾಲದ ಗುಣವನ್ನು ಸೂಚಿಸುವುದು. ಅದು ಚಿಕ್ಕದಾದಷ್ಟೂ ಎಣ್ಣೆಯು ಚಳಿಯಲ್ಲಿ ಸಲೀಸಾಗಿ ಹರಿಯುವುದು.

ಮೂರನೆಯದು ಡೀಸೆಲ್ಲೇ. ಪುಷ್ಯಮಾಸದ ಮುಂಜಾವಿನಲ್ಲಿ ತಲೆಗೆ ಹಚ್ಚುವ ಕೊಬ್ಬರಿ ಎಣ್ಣೆಯು ಬಾಟಲಿಯಲ್ಲಿ ಹೆಪ್ಪುಗಟ್ಟಿ, ಅದನ್ನು ಬಿಸಿಲಿಗಿಡುವ ಪದ್ಧತಿಯು ಯಾರ ಮನೆಯಲ್ಲಿಲ್ಲ? ಡೀಸೆಲ್ಲಿನಲ್ಲಿಯೂ ಮೇಣದ ಅಂಶವಿದೆ. ಚಳಿ ಹೆಚ್ಚಿದಂತೆ ಅದು ಕಣಕಣವಾಗಿ ಬೇರ್ಪಟ್ಟು ಸೋಸುವ ಫಿಲ್ಟರನ್ನು ಕಟ್ಟಿಬಿಡುವುದು. ಭಾರತದ ಮಾನಕದಂತೆ ಡೀಸೆಲ್ಲು ಹರಿಯುವ ಗುಣವನ್ನು ಕಳೆದುಕೊಳ್ಳುವ ಮಿತಿಯು ಚಳಿಗಾಲದ ಎಣ್ಣೆಗೆ 3 ಡಿಗ್ರಿ, ಉಳಿದ ಕಾಲದ ಎಣ್ಣೆಗೆ 15 ಡಿಗ್ರಿ. ಲಡಾಖಿನಂತಹ ಪ್ರದೇಶಗಳಿಗೆ ಇದೂ ಸಾಲದೆ, ಸೊನ್ನೆಗಿಂತ 33 ಡಿಗ್ರಿ ಕೆಳಗೂ ಹರಿಯುವ ವಿಶೇಷ ಡೀಸೆಲ್ಲನ್ನು ಇಂಡಿಯನ್ ಆಯಿಲ್ ಸಂಸ್ಥೆಯು ಪಾಣಿಪತ್ತಿನಲ್ಲಿ ತಯಾರಿಸಿ 2019ರ ನವೆಂಬರಿನಲ್ಲಿ ಬಳಕೆಗೆ ತಂದಿತು. ಅದಕ್ಕೆ ಮೊದಲು ಅಲ್ಲಿನ ಚಾಲಕರು ಸೀಮೆಎಣ್ಣೆಯನ್ನು ಬೆರೆಸಿ ಕಾಲ ಹಾಕುತ್ತಿದ್ದರು. ಇಂದಿನ ಸೂಕ್ಷ್ಮಯಂತ್ರಗಳಿಗೆ ಆ ಬೆರಕೆಯು ಹಾನಿಕರ.

ಇದರಿಂದ ತಿಳಿಯತಕ್ಕ ನೀತಿಯಿಷ್ಟೆ: ನಮ್ಮೂರಿನಲ್ಲಿ ತುಂಬಿದ ಎಣ್ಣೆಯು ನಮ್ಮೂರಿನ ಹವೆಗೆ ತಕ್ಕುದು. ಬೆಟ್ಟದ ಸೀಮೆಯನ್ನು ಹತ್ತುವ ಮುನ್ನ ತೊಟ್ಟಿಯಲ್ಲಿನ ಹಳೆಯ ಎಣ್ಣೆಯನ್ನು ಆದಷ್ಟು ಮುಗಿಸಿ, ಅಲ್ಲಿಯದನ್ನೇ ತುಂಬತಕ್ಕದ್ದು. ರೇಡಿಯೇಟರಿನಲ್ಲಿ ಬರಿಯ ನೀರಿದ್ದರೆ ಅದು ಹಿಮಗಟ್ಟಿ ಹಿಗ್ಗಿ ಯಂತ್ರವನ್ನೇ ಸೀಳುವುದು. ಗ್ಲೈಕಾಲನ್ನು ಸಮಭಾಗವಾಗಿ ಬೆರೆಸಿದರೆ ಸೊನ್ನೆಗಿಂತ 35 ಡಿಗ್ರಿ ಕೆಳಗೂ ಭಯವಿಲ್ಲ. ಬ್ರೇಕಿನ ಗಾಳಿತೊಟ್ಟಿಯಲ್ಲಿ ಸೇರಿದ ತೇವವನ್ನು ದಿನವೂ ಬಸಿಯಬೇಕು. ಅದು ಕೊಳವೆಯಲ್ಲಿ ಹೆಪ್ಪುಗಟ್ಟಿದರೆ ಇಳಿಜಾರಿನಲ್ಲಿ ಪ್ರಾಣಕ್ಕೇ ಸಂಚಕಾರ. ಬೆಳಿಗ್ಗೆ ಯಂತ್ರವನ್ನು 10-15 ಸೆಕೆಂಡಿಗಿಂತ ಹೆಚ್ಚಾಗಿ ಒಂದೇ ಸಮನೆ ತಿರುಗಿಸದೆ, ನಡುವೆ ಒಂದು ನಿಮಿಷ ಬ್ಯಾಟರಿಗೆ ವಿಶ್ರಾಂತಿಯನ್ನು ಕೊಡಬೇಕು. ಎದ್ದ ಕೂಡಲೆ ಗರ್ಜಿಸುವಂತೆ ವೇಗ ಹೆಚ್ಚಿಸಲಾಗದು. ಕೆಲವು ನಿಮಿಷ ಮೆಲ್ಲನೆ ಓಡಗೊಟ್ಟು, ಬಳಿಕ ಮೊದಲ ಮೈಲುಗಳನ್ನು ನಿಧಾನವಾಗಿ ಸಾಗಿಸಬೇಕು. ಕಟ್ಟಿದ ಫಿಲ್ಟರನ್ನು ಬಿಸಿನೀರಿನ ಬಟ್ಟೆಯಿಂದ ಕಾಯಿಸಬಹುದು. ತೊಟ್ಟಿಯ ಕೆಳಗೆ ಬೆಂಕಿ ಹಾಕುವುದು ಮಾತ್ರ ಕೂಡದು.

ಇನ್ನು ಕೊನೆಯ ಮಾತು. ಇದರ ಸಲುವಾಗಿಯೇ ಈ ಲೇಖನವನ್ನು ಬರೆಯಲು ಕುಳಿತೆನು. ನನ್ನಲ್ಲಿ ಓದಿದ ಹುಡುಗನೊಬ್ಬನು ಈಗ ಲಾರಿಯ ಚಾಲಕನು. ಒಂದು ಪುಷ್ಯಮಾಸದಲ್ಲಿ ತೊಗರಿಯನ್ನು ಹೊತ್ತು ದಿಲ್ಲಿಯ ಕಡೆಗೆ ಹೋದವನು, ದಟ್ಟ ಮಂಜಿನಲ್ಲಿ ದಾರಿ ಕಾಣದೆ ಲಾರಿಯನ್ನು ನಿಲ್ಲಿಸಿ, ಮುಚ್ಚಿದ ಕ್ಯಾಬಿನ್ನಿನೊಳಗೆ ಇದ್ದಿಲ ಶಿಗಡಿಯನ್ನಿಟ್ಟುಕೊಂಡು ಮಲಗಿದನು. ಜತೆಗಾರನು ನಡುರಾತ್ರಿಯಲ್ಲಿ ತಲೆಸಿಡಿತದಿಂದೆದ್ದು ಬಾಗಿಲನ್ನು ನೂಕಿದ್ದರಿಂದ ಇಬ್ಬರೂ ಬದುಕಿದರು. ಇದ್ದಿಲಿನಿಂದ ಹೊರಡುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತವು ಪ್ರಾಣವಾಯುವಿಗಿಂತ 200 ಪಟ್ಟಿಗೂ ಮೀರಿದ ಆಸಕ್ತಿಯಿಂದ ಅದನ್ನು ಹಿಡಿದುಕೊಳ್ಳುವುದು. ನಿದ್ದೆಯಲ್ಲಿದ್ದವನಿಗೆ ಎಚ್ಚರವಾಗುವ ಅವಕಾಶವೇ ವಿರಳ. ಮುಚ್ಚಿದ ಕೊಟ್ಟಿಗೆಯಲ್ಲಿ ಯಂತ್ರವನ್ನು ಓಡಿಸಿಟ್ಟು ಮಲಗುವುದೂ ಇಂತಹುದೇ ಅಪಾಯ.

ಆ ಹುಡುಗನು ಊರಿಗೆ ಬಂದು ಈ ಸಂಗತಿಯನ್ನು ಹೇಳಿದಾಗ ಅವನ ತಾಯಿಯು, ಆ ಶಿಗಡಿಯನ್ನು ಚೀಲದಲ್ಲಿಟ್ಟವಳು ತಾನೇ ಎಂದು ಕಣ್ಣೀರಿಟ್ಟಳು. ಅವಳಲ್ಲಿ ದೋಷವೇನೂ ಇಲ್ಲ. ಮಗನಿಗೆ ಚಳಿಯಾಗಬಾರದೆಂಬುದೊಂದೇ ಅವಳ ಮನಸ್ಸಿನಲ್ಲಿತ್ತು. ತಿಳಿಯದಿದ್ದುದನ್ನು ತಿಳಿಸಬೇಕಾಗಿದ್ದ ಉಪಾಧ್ಯಾಯನು ನಾನು. ತರಗತಿಯಲ್ಲಿ ಶಬ್ದರೂಪಗಳನ್ನು ಬಾಯಿಪಾಠ ಮಾಡಿಸಿದೆನೇ ಹೊರತು ಇದೊಂದನ್ನು ಹೇಳಲಿಲ್ಲ.

ಈಗ ಹೇಳುತ್ತಿದ್ದೇನೆ. ಮನೆಯಿಂದ ಲಾರಿ ಹೊರಡುವ ದಿನ ಚಾಲಕನ ಚೀಲದಲ್ಲಿ ಶಿಗಡಿಯಿದ್ದರೆ ತೆಗೆದಿಡಿರಿ. ಅದರ ಸ್ಥಳದಲ್ಲಿ ಎರಡು ದಪ್ಪನೆಯ ಕಂಬಳಿ, ಉಣ್ಣೆಯ ಕಾಲುಚೀಲ, ಬಿಸಿ ಚಹಾಕ್ಕೊಂದು ಥರ್ಮಾಸು ಇರಲಿ. ಕ್ಯಾಬಿನ್ನಿನ ಗಾಜನ್ನು ಎರಡು ಬೆರಳಿನಷ್ಟು ತೆರೆದು ಮಲಗೆಂದು ಹೇಳಿ ಕಳುಹಿಸಿರಿ. ಮಂಜು ಕವಿದರೆ ಸರಕು ಒಂದು ದಿನ ತಡವಾಗಿ ತಲಪಿದರೂ ಚಿಂತೆಯಿಲ್ಲವೆಂಬ ಮಾತನ್ನೂ ಅದಕ್ಕೆ ಕೂಡಿಸಿರಿ.