ಆಟದ ರೈಲಿಗೆ ಅಳತೆಯ ಜನರು

ನವರಾತ್ರಿ ಬಂತೆಂದರೆ ನಮ್ಮ ಅನೇಕ ಮನೆಗಳಲ್ಲಿ ಗೊಂಬೆ ಕೂರಿಸುವುದು ರೂಢಿ. ದೀಪಾವಳಿಗೆ ಇಲ್ಲಿನ ಮರಾಠಿ ಮಕ್ಕಳು ಚಾಳಿನ ಅಂಗಳದಲ್ಲಿ ಮಣ್ಣಿನ ಕೋಟೆ ಕಟ್ಟಿ, ಮೇಲೆ ಶಿವಾಜಿ ಮಹಾರಾಜರನ್ನೂ ಕೆಳಗೆ ಮಾವಳೆ ಸೈನಿಕರನ್ನೂ ನಿಲ್ಲಿಸುತ್ತಾರೆ. ಇವುಗಳ ಪಕ್ಕದಲ್ಲಿ ಒಂದು ರೈಲೂ ಇರಲಿ ಎಂದು ಮಕ್ಕಳು ಕೇಳುವುದು ಸಹಜ. ದೇಶದ ಮೊದಲ ಪ್ರಯಾಣಿಕರ ಗಾಡಿ 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಠಾಣೆಗೆ ಹೋದ ದಾರಿಯಲ್ಲೇ ನಮ್ಮ ಘಾಟ್ಕೋಪರ್ ಇದೆ. ಇಲ್ಲಿನ ಮಗುವಿಗೆ ರೈಲಿಗಿಂತ ಪರಿಚಯದ ವಸ್ತು ಬೇರೆ ಯಾವುದು?

ಆದರೆ ಗಾಡಿ, ಹಳಿ, ರಟ್ಟಿನ ಸ್ಟೇಷನ್ ಎಲ್ಲವನ್ನೂ ಇಟ್ಟ ಮೇಲೂ ನೋಟ ಸಪ್ಪೆಯಾಗಿಯೇ ಕಾಣುತ್ತದೆ. ಕಾರಣವಿಷ್ಟೇ: ಅಲ್ಲಿ ಜನರಿಲ್ಲ. ಸಿಕ್ಕಿದ ಗೊಂಬೆಯನ್ನು ತಂದು ನಿಲ್ಲಿಸಿದರೆ ಅದು ಗಾಡಿಯ ಮೇಲಟ್ಟಕ್ಕಿಂತ ಎತ್ತರವಾಗಿ, ನೋಡಿದವರು ನಗುವಂತಾಗುತ್ತದೆ. ಅಳತೆಗೆ ಸರಿಯಾದ ಜನರನ್ನು ಪಡೆಯುವುದು, ಮಾಡುವುದು, ಬಣ್ಣ ಹಚ್ಚುವುದು ಹೇಗೆ ಎಂಬುದನ್ನು ಇಲ್ಲಿ ವಿವರಿಸಿದೆ. ಖರ್ಚು ಕಡಿಮೆ; ಬೇಕಾದದ್ದು ಎರಡು ಭಾನುವಾರಗಳ ತಾಳ್ಮೆ.

ಮೊದಲು ಅಳತೆ. ನಮ್ಮ ಬ್ರಾಡ್‌ಗೇಜ್ ಹಳಿಗಳ ನಡುವಣ ಅಂತರ 5 ಅಡಿ 6 ಅಂಗುಲ, ಅಂದರೆ 1676 ಮಿಲಿಮೀಟರು. ಸಾಧಾರಣ ಆಳಿನ ಎತ್ತರವೂ ಹೆಚ್ಚುಕಡಿಮೆ ಇಷ್ಟೇ. ಆದ್ದರಿಂದ ರಟ್ಟಿನಲ್ಲೋ ಮರದಲ್ಲೋ ನೀವೇ ಹಳಿ ಮಾಡುವುದಾದರೆ ಲೆಕ್ಕ ಬಹಳ ಸುಲಭ: ಎರಡು ಹಳಿಗಳ ನಡುವೆ ಎಷ್ಟು ಅಗಲವೋ, ಬೊಂಬೆಯೂ ಅಷ್ಟೇ ಎತ್ತರ.

ಕೊಂಡು ತಂದ ರೈಲಾದರೆ ಸ್ವಲ್ಪ ವ್ಯತ್ಯಾಸವಿದೆ. ಹೊರದೇಶದ ಮಾದರಿ ರೈಲುಗಳಲ್ಲಿ ಹೆಚ್ಚು ಪ್ರಚಾರದಲ್ಲಿರುವ ಅಳತೆಗೆ ‘ಎಚ್‌ಒ’ ಎಂದು ಹೆಸರು. ಅದು ನಿಜವಾದ ವಸ್ತುವಿನ 87ರಲ್ಲಿ ಒಂದು ಪಾಲು. ಅದರ ಹಳಿ ಅಲ್ಲಿನ 1435 ಮಿಲಿಮೀಟರಿನ ಗೇಜನ್ನು ಅನುಸರಿಸುವುದರಿಂದ 16.5 ಮಿಲಿಮೀಟರು ಅಗಲವಿರುತ್ತದೆ. ಅದರ ಪಕ್ಕದಲ್ಲಿ ನಿಲ್ಲುವ ಆಳು ಸುಮಾರು 19 ಮಿಲಿಮೀಟರು ಇರಬೇಕು. ಬೆಂಕಿಕಡ್ಡಿಯನ್ನು ಅರ್ಧಕ್ಕೆ ಮುರಿದರೆ ಹೆಚ್ಚುಕಡಿಮೆ ಅಷ್ಟಾಗುತ್ತದೆ. ಇನ್ನೂ ಚಿಕ್ಕದಾದ ‘ಎನ್’ ಅಳತೆ 160ರಲ್ಲಿ ಒಂದು ಪಾಲು. ಅದರಲ್ಲಿ ಆಳು ಹತ್ತೂವರೆ ಮಿಲಿಮೀಟರು ಮಾತ್ರ. ಎಚ್‌ಒ ಅಳತೆಯಲ್ಲಿ ಊರನ್ನೇ ಕಟ್ಟಿರುವುದನ್ನು ಕಣ್ಣಾರೆ ನೋಡಬೇಕೆಂದರೆ, 1998ರಲ್ಲಿ ತೆರೆದ ಪುಣೆಯ ಜೋಶಿಯವರ ಸಣ್ಣ ರೈಲುಗಳ ಮ್ಯೂಸಿಯಂ ಒಳ್ಳೆಯ ಪಾಠಶಾಲೆ.

ಇನ್ನು ಬೊಂಬೆಗಳು ಎಲ್ಲಿ ದೊರೆಯುತ್ತವೆ? ಜರ್ಮನಿಯ ಪ್ರೈಸರ್ ಕಂಪನಿಯವರು ಈ ಅಳತೆಯ ಜನರನ್ನೇ ಮಾಡಿ ಮಾರುತ್ತಾರೆ. ಆದರೆ ಅವು ನಮಗೆ ದುಬಾರಿ. ಅಗ್ಗದ ದಾರಿಯೆಂದರೆ, ಕಟ್ಟಡಗಳ ನಮೂನೆ ಮಾಡಲು ಆರ್ಕಿಟೆಕ್ಚರ್ ವಿದ್ಯಾರ್ಥಿಗಳು ಕೊಳ್ಳುವ ಪ್ಲಾಸ್ಟಿಕ್ ಜನರು. ಅವು 1:75, 1:100, 1:150 ಮುಂತಾದ ಅಳತೆಗಳಲ್ಲಿ ಬರುತ್ತವೆ. 1:75ರ ಆಳು 22 ಮಿಲಿಮೀಟರು, 1:100ರ ಆಳು 17 ಮಿಲಿಮೀಟರು. ದೊಡ್ಡವನ್ನು ಮುಂದೆ, ಚಿಕ್ಕವನ್ನು ಹಿಂದೆ ನಿಲ್ಲಿಸಿದರೆ ಕಣ್ಣಿಗೆ ದೂರವೆಂಬ ಭಾವನೆ ಬಂದು ವ್ಯತ್ಯಾಸ ತಿಳಿಯುವುದಿಲ್ಲ. ದೀಪಾವಳಿಯ ಮಣ್ಣಿನ ಮಾವಳೆಯರು ಇದಕ್ಕೆ ತೀರ ದೊಡ್ಡವರು. ಅವರು ಕೋಟೆಯಲ್ಲೇ ಇರಲಿ.

ಕೈಯಲ್ಲೇ ಮಾಡುವುದಾದರೆ ನಮ್ಮ ಕೊಪ್ಪಳ ಸೀಮೆಯ ಕಿನ್ನಾಳದ ಚಿತ್ರಗಾರರನ್ನು ನೆನೆಯಬೇಕು. ಅವರು ಹಗುರವಾದ ಮರದಲ್ಲಿ ಬೊಂಬೆಯನ್ನು ಕೆತ್ತಿ, ಅದರ ಮೇಲೆ ‘ಕಿಟ್ಟ’ ಬಳಿಯುತ್ತಾರೆ. ನೆನೆಸಿ ಒಣಗಿಸಿ ಪುಡಿ ಮಾಡಿದ ಗೋಣಿಯ ಚಿಂದಿ, ಮರದ ಹೊಟ್ಟು, ಹುಣಸೆ ಬೀಜದ ಅಂಟು ಇವು ಸೇರಿದರೆ ಕಿಟ್ಟ. ಅದರ ಮೇಲೆ ಬಟ್ಟೆಯ ಚೂರು, ಆಮೇಲೆ ಕಲ್ಲುಪುಡಿಯ ಲೇಪ, ಕಡೆಗೆ ಬಣ್ಣ. ಒಳಗೆ ಗಟ್ಟಿ, ಮೇಲೆ ಮೆತ್ತುವ ಲೇಪ, ಅದರ ಮೇಲೆ ನಯವಾದ ಬಿಳಿ, ಕೊನೆಗೆ ಬಣ್ಣ ಎಂಬ ಈ ಕ್ರಮವನ್ನೇ ನಾವೂ ಹಿಡಿಯಬಹುದು.

ತೆಳುವಾದ ತಾಮ್ರದ ತಂತಿಯನ್ನು 5 ಸೆಂಟಿಮೀಟರು ಕತ್ತರಿಸಿ ಮಧ್ಯಕ್ಕೆ ಮಡಿಸಿ. ಮಡಿಕೆಯೇ ತಲೆ, ಕೆಳಗಿನ ಎರಡು ತುದಿಗಳೇ ಕಾಲು. ನಡುವೆ ಹೊಸೆದರೆ ಮೈ. ಇನ್ನೊಂದು ತುಂಡನ್ನು ಅಡ್ಡ ಸುತ್ತಿದರೆ ಕೈಗಳು. ಪಾದದ ಕೆಳಗೆ ಉಳಿದ ತಂತಿಯನ್ನು ಹಲಗೆಗೆ ಚುಚ್ಚಿ ನಿಲ್ಲಿಸಬಹುದು. ಇಷ್ಟು ಸಣ್ಣ ಮೈಗೆ ಮರದ ಹೊಟ್ಟು ಒರಟಾಗುತ್ತದೆ. ಆದ್ದರಿಂದ ಬಡಗಿಗಳ ಬಿಳಿ ಅಂಟಿಗೆ ನುಣ್ಣಗೆ ಅರೆದ ಸೀಮೆಸುಣ್ಣವನ್ನು ಕಲಸಿ ಸೂಜಿಯ ಮೊನೆಯಿಂದ ಹಚ್ಚಿರಿ; ಒಣಗಿದ ಮೇಲೆ ಮತ್ತೊಮ್ಮೆ ಹಚ್ಚಿರಿ. ತಲೆ ಇಡೀ ಎತ್ತರದ ಏಳನೆಯ ಒಂದು ಪಾಲು, ಅಂದರೆ ಸಾಸಿವೆ ಕಾಳಿಗಿಂತ ಸ್ವಲ್ಪ ದೊಡ್ಡದು. ತೆಳುಕಾಗದವನ್ನು ನೀರಂಟಿನಲ್ಲಿ ಅದ್ದಿ ಸುತ್ತಿದರೆ ಸೀರೆಯ ನೆರಿಗೆ ತಾನಾಗಿಯೇ ಬೀಳುತ್ತದೆ.

ಬಣ್ಣ ಹಚ್ಚುವಾಗ ಬೊಂಬೆಯನ್ನು ಕೈಯಲ್ಲಿ ಹಿಡಿಯದೆ ಬಿರಡೆಯ ಮೇಲೆ ಚುಚ್ಚಿಟ್ಟುಕೊಳ್ಳಬೇಕು. ಮೊದಲು ಎಲ್ಲಕ್ಕೂ ತೆಳುವಾದ ಬಿಳಿ. ಆಮೇಲೆ ಒಳಗಿನಿಂದ ಹೊರಗೆ: ಮೊದಲು ಮೈಬಣ್ಣ, ನಂತರ ಅಂಗಿ, ಪಂಚೆ, ಕೊನೆಗೆ ಕೂದಲು, ಟೊಪ್ಪಿಗೆ. ಬಣ್ಣಕ್ಕೆ ಒಂದಿಷ್ಟು ಬಿಳಿ ಬೆರೆಸಿರಿ. ಸಣ್ಣ ವಸ್ತುವಿನ ಮೇಲೆ ಗಾಢ ಬಣ್ಣ ಕಪ್ಪಾಗಿ ಕಾಣುತ್ತದೆ. ಹೊಳಪಿನ ಬಣ್ಣ ಬೇಡ. ಕಣ್ಣು ಬರೆಯುವ ಗೋಜಿಗಂತೂ ಹೋಗಲೇಬೇಡಿ. ಈ ಅಳತೆಯಲ್ಲಿ ಕಣ್ಣಿನ ಅಗಲ ಮಿಲಿಮೀಟರಿನ ಮೂರನೆಯ ಒಂದು ಪಾಲು ಮಾತ್ರ. ಹುಬ್ಬಿನ ಕೆಳಗೆ ಕಂದು ನೆರಳು ಎಳೆದರೆ ಸಾಕು.

ಇನ್ನು ಯಾರನ್ನು ಮಾಡುವುದು? ಪೆಟ್ಟಿಗೆಯಲ್ಲಿ ಬರುವವರು ಕೋಟು ಹ್ಯಾಟಿನ ಜನ. ಅವರಿಂದ ನಮ್ಮ ಸ್ಟೇಷನ್ ಆಗುವುದಿಲ್ಲ. ಕೆಂಪು ಅಂಗಿ ತೊಟ್ಟು ತೋಳಿಗೆ ಹಿತ್ತಾಳೆ ಬಿಲ್ಲೆ ಕಟ್ಟಿದ ಹಮಾಲ, ಬಿಳಿ ಟೊಪ್ಪಿಗೆಯ ಡಬ್ಬಾವಾಲ, ಬುಟ್ಟಿ ಹೊತ್ತ ಕೋಳಿ ಹೆಂಗಸು, ಟ್ರಂಕಿನ ಮೇಲೆ ಕುಳಿತು ಊರಿನ ಗಾಡಿಗೆ ಕಾಯುವ ನಮ್ಮವನೊಬ್ಬ, ಇವರು ಬೇಕು. ಗೊಂಬೆಯ ಹಬ್ಬದಲ್ಲಿ ಮೇಲಿನ ಮೆಟ್ಟಿಲಿನಲ್ಲಿ ಪಟ್ಟದ ರಾಜ ರಾಣಿ ಕುಳಿತರೂ, ಕೆಳಗೆ ಅಂಗಡಿ ಹರಡಿದ ಶೆಟ್ಟಿ ಶೆಟ್ಟಮ್ಮನಿಗೆ ಜಾಗ ತಪ್ಪಿದ್ದಲ್ಲ. ದುಡಿಯುವವರನ್ನು ಬಿಟ್ಟು ಲೋಕ ಪೂರ್ತಿಯಾಗದೆಂಬುದು ನಮ್ಮ ಹಿರಿಯರಿಗೆ ತಿಳಿದಿತ್ತು.

ಕೊನೆಯದಾಗಿ ಎಲ್ಲಕ್ಕಿಂತ ಮುಖ್ಯವಾದ ಮಾತು. ಹಳಿಯ ಮೇಲೆ ಒಂದು ಬೊಂಬೆಯನ್ನೂ ನಿಲ್ಲಿಸಬೇಡಿ. ಕೆಂಪು ಬಾವುಟ ನೆಟ್ಟು ಕೆಲಸ ಮಾಡುವ ಗ್ಯಾಂಗ್‌ಮನ್‌ಗಳು ಇರಬಹುದು. ಉಳಿದವರೆಲ್ಲ ಪ್ಲಾಟ್‌ಫಾರ್ಮಿನಲ್ಲಿ, ಇಲ್ಲವೇ ಸೇತುವೆಯ ಮೇಲೆ. ಮುಂಬಯಿ ಲೋಕಲಿನ ಡಬ್ಬಿಯ ಅಗಲ 12 ಅಡಿ. ಹಳಿಗಳ ಅಂತರ ಐದೂವರೆ ಅಡಿ. ಅಂದರೆ ಡಬ್ಬಿ ಹಳಿಯಿಂದ ಎರಡು ಕಡೆಗೂ ಮೂರು ಅಡಿಗಿಂತ ಹೆಚ್ಚು ಹೊರಕ್ಕೆ ಚಾಚಿರುತ್ತದೆ. ಹಳಿ ದಾಟಿ ಒಂದು ಹೆಜ್ಜೆ ಆಚೆ ಬಂದೆ, ಇನ್ನು ಭಯವಿಲ್ಲ ಎಂದುಕೊಂಡವನು ಇನ್ನೂ ಗಾಡಿಯ ದಾರಿಯಲ್ಲೇ ಇರುತ್ತಾನೆ. ಹಳಿ ದಾಟುವಾಗ ಪ್ರತಿವರ್ಷ ಈ ಶಹರದಲ್ಲಿ ನೂರಾರು ಜನ ಸಾಯುತ್ತಾರೆ. ಬಾಯಿಮಾತಿನ ಬುದ್ಧಿವಾದ ಮಕ್ಕಳಿಗೆ ನಾಟುವುದು ಕಷ್ಟ.

ಎಚ್‌ಒ ಅಳತೆಯಲ್ಲಿ 42 ಮಿಲಿಮೀಟರು ಅಗಲದ ಒಂದು ರಟ್ಟಿನ ಡಬ್ಬಿ ಮಾಡಿ, ಹಳಿಯಿಂದ 9 ಮಿಲಿಮೀಟರು ದೂರದಲ್ಲಿ ಒಂದು ಬೊಂಬೆಯನ್ನು ನಿಲ್ಲಿಸಿ, ಡಬ್ಬಿಯನ್ನು ಮೆಲ್ಲಗೆ ತಳ್ಳಿ ತೋರಿಸಿರಿ. ಬೊಂಬೆ ಉರುಳುತ್ತದೆ. ಮಗು ಅದನ್ನು ಎತ್ತಿ ತಾನಾಗಿಯೇ ಸೇತುವೆಯ ಮೇಲೆ ಇಟ್ಟರೆ, ತಾಮ್ರದ ತಂತಿಗೂ ಬಣ್ಣಕ್ಕೂ ಕೊಟ್ಟ ಹಣ ಸಾರ್ಥಕವಾಯಿತೆಂದು ತಿಳಿಯಿರಿ.