ಹೊಳಪು ಕೆರೆದ ಮೇಲಷ್ಟೇ ಬಣ್ಣ

ನಾರಾಯಣಪುರದ ಬಸವಸಾಗರ ಜಲಾಶಯದಿಂದ ಎಡದಂಡೆ ಕಾಲುವೆ ಹರಿದ ಮೇಲೆ ಯಾದಗಿರಿ ಜಿಲ್ಲೆಯ ಸುರಪುರ, ಶಹಾಪುರ ಸೀಮೆಗೆ ಭತ್ತ ಬಂತು. ಭತ್ತದ ಬೆನ್ನಿಗೆ ರಾಡಿಯೂ ಗೊಬ್ಬರದ ಚೀಲಗಳೂ ಬಂದವು. ಈಗ ಆ ಚೀಲ ಹೊರುವ ಎತ್ತು ಎಂದರೆ ಬೈಕು. ಹತ್ತಿಗೂಡೂರು ಕ್ರಾಸಿನಲ್ಲಿ ಐದು ನಿಮಿಷ ನಿಂತು ಕಡ್ಡಿ ಗಾಲಿಯ ಬೈಕುಗಳನ್ನು ನೋಡಿ: ಟ್ಯಾಂಕು ಫಳಫಳ, ರಿಮ್ಮಿನ ಮೇಲೆ ಮಾತ್ರ ಕಂದು ಚುಕ್ಕೆ. ಎರಿಮಣ್ಣು ಗಾಲಿಗೆ ಅಂಟಿದರೆ ಬೇಗ ಬಿಡುವುದಿಲ್ಲ, ತೇವವನ್ನೂ ಬಿಡುವುದಿಲ್ಲ.

ನಿಜ ಹೇಳಬೇಕೆಂದರೆ ರಿಮ್ಮಿಗೆ ಹೊಳಪು ಕೊಡುವ ಕ್ರೋಮಿಗೆ ಜಂಗು ಹಿಡಿಯುವುದಿಲ್ಲ. ಹಿಡಿಯುವುದು ಅದರಡಿಯ ಉಕ್ಕಿಗೆ. ನಮ್ಮ ಕಣ್ಣಿಗೆ ಬೀಳುವ ಕ್ರೋಮಿಯಂ ಪದರದ ದಪ್ಪ ಸಾಮಾನ್ಯವಾಗಿ ಒಂದು ಮೈಕ್ರಾನೂ ಇಲ್ಲ, ಅಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲಿಗೂ ಕಡಿಮೆ. ಉಕ್ಕನ್ನು ಕಾಯುವ ದುಡಿಮೆಯೆಲ್ಲ ನಡುವಿನ ನಿಕಲ್ ಪದರದ್ದು. ಈ ಎರಡರಲ್ಲೂ ಸೂಜಿಮೊನೆಗಿಂತ ಸಣ್ಣ ರಂಧ್ರಗಳಿರುತ್ತವೆ. ಪೊಟ್ಯಾಷ್ ಗೊಬ್ಬರ ಎಂದರೆ ಪೊಟ್ಯಾಸಿಯಂ ಕ್ಲೋರೈಡ್, ಉಪ್ಪಿನ ಸೋದರ. ಅದು ನೀರಿನೊಡನೆ ಆ ರಂಧ್ರಕ್ಕಿಳಿದರೆ ನಿಕಲ್ ತಾನು ಉಳಿದು ಉಕ್ಕನ್ನು ಬಲಿ ಕೊಡುತ್ತದೆ. ಜಂಗು ಒಳಗೊಳಗೇ ಹರಡಿ ಮೇಲಿನ ಹೊಳಪನ್ನು ಗುಳ್ಳೆಯಂತೆ ಎತ್ತುತ್ತದೆ. ಫ್ರಾನ್ಸಿನ ವೋಕ್ಲ್ಯಾಂ ಕ್ರೋಮಿಯಂ ಕಂಡುಹಿಡಿದದ್ದು 1797ರಲ್ಲಿ. ಅದು ವಾಹನದ ಸಿಂಗಾರವಾದದ್ದು 1920ರ ದಶಕದಲ್ಲಿ. ಅದರ ಅದಿರು ನಮ್ಮ ಹಾಸನ ಜಿಲ್ಲೆಯ ಬೈರಾಪುರದಲ್ಲೂ ಸಿಗುತ್ತದೆ.

ಮತ್ತೆ ಕ್ರೋಮ್ ಹಾಕಿಸಬೇಕೆಂದರೆ ಪ್ಲೇಟಿಂಗ್ ಕಾರ್ಖಾನೆಯೇ ಬೇಕು. ಮಾಲಿನ್ಯ ಮಂಡಳಿಗಳು ಕೆಂಪು ವರ್ಗದಲ್ಲಿಟ್ಟಿರುವ ಉದ್ಯಮವದು, ಹಿತ್ತಿಲಲ್ಲಿ ಮಾಡುವ ಕೆಲಸವಲ್ಲ. ಮನೆಯಲ್ಲಿ ಆಗುವುದು ಬಣ್ಣ. ಅಂಗಡಿಯಿಂದ ಸ್ಪ್ರೇ ಡಬ್ಬಿ ತಂದು ಹೊಳೆಯುವ ರಿಮ್ಮಿನ ಮೇಲೆಯೇ ಹೊಡೆದರೆ ಆ ದಿನ ಚೆಂದ ಕಾಣುತ್ತದೆ. ಮೊದಲ ಮಳೆಗೆ ಸಿಪ್ಪೆಯಾಗಿ ಕಳಚುತ್ತದೆ, ಏಕೆಂದರೆ ಗಾಜಿನಷ್ಟು ನುಣುಪಾದ ಆ ಮೈಯಲ್ಲಿ ಬಣ್ಣಕ್ಕೆ ಹಿಡಿತವೇ ಇಲ್ಲ. ಕಾರಹುಣ್ಣಿಮೆಗೆ ಎತ್ತು ಸಿಂಗರಿಸುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕೊಂಬು ಹೆರೆದೇ ಅವರು ಬಣ್ಣದ ಡಬ್ಬಿ ತೆರೆಯುವುದು.

ಗಾಲಿ ಬಿಚ್ಚಿ, ಪಂಕ್ಚರ್ ಅಂಗಡಿಯಲ್ಲಿ ಟೈರು, ಟ್ಯೂಬು ತೆಗೆಸಿ. ಒಳಗಿನ ರಿಮ್ ಪಟ್ಟಿ ಸರಿಸಿ ನೋಡುವುದು ಆಗಲೇ. ಕಡ್ಡಿಯ ತೂತುಗಳಿಂದ ಇಳಿದ ನೀರು ಅಲ್ಲೇ ನಿಲ್ಲುತ್ತದೆ. ಮತ್ತೆ ಮತ್ತೆ ಪಂಕ್ಚರ್ ಆಗುವ ಗಾಲಿಗಳಲ್ಲಿ ಟ್ಯೂಬನ್ನು ಚುಚ್ಚುವುದು ಎಷ್ಟೋ ಸಲ ಮೊಳೆಯಲ್ಲ, ಈ ಜಂಗಿನ ಚಕ್ಕೆ. ಸ್ಕ್ರೂಡ್ರೈವರಿನಿಂದ ಒತ್ತಿದರೆ ಲೋಹ ಉದುರುವಂತಿದ್ದರೆ, ಇಲ್ಲವೇ ಕಡ್ಡಿಯ ತೂತಿನ ಸುತ್ತ ಬಿರುಕಿದ್ದರೆ, ಬಣ್ಣದ ಮಾತೇ ಬೇಡ. ರಿಮ್ ಬದಲಿಸಿ.

ಗಟ್ಟಿಯಿದ್ದರೆ ಸೋಪಿನ ನೀರಲ್ಲಿ ತೊಳೆದು, ಥಿನ್ನರ್ ಬಟ್ಟೆಯಿಂದ ಜಿಡ್ಡು ಒರೆಸಿ, ನಂತರ ತಿಕ್ಕಲು ಕೂರಬೇಕು. ಕೆಲಸದ ಮುಕ್ಕಾಲು ಪಾಲು ಇದೇ. ಮೊದಲು 180 ನಂಬರಿನ ವಾಟರ್ ಪೇಪರ್, ಆಮೇಲೆ 320. ಎಲ್ಲಿಯೂ ಮುಖ ಕಾಣದಷ್ಟು ರಿಮ್ ಮಂಕಾಗಬೇಕು. ಎದ್ದ ಪದರವೆಲ್ಲ ಹೋಗಿ, ಉಳಿದದ್ದರ ಅಂಚು ಬೆರಳಿಗೆ ತಾಗದಂತೆ ಇಳಿಜಾರಾಗಬೇಕು. ಕಡ್ಡಿಗಳ ಸಂದಿಯಲ್ಲಿ ಪೇಪರನ್ನು ಪಟ್ಟಿಯಾಗಿ ಹರಿದು ಹಗ್ಗದಂತೆ ಎಳೆಯಬೇಕು. ಸೋಮಾರಿತನ ಬರುವುದೂ, ಮುಂದೆ ಬಣ್ಣ ಏಳುವುದೂ ಅಲ್ಲಿಯೇ. ನೀರು ಹಾಕಿಯೇ ತಿಕ್ಕಿ. ನಿಕಲ್ ದೂಳು ಕೆಲವರ ಚರ್ಮಕ್ಕೆ ಒಗ್ಗದು, ಎದೆಗಂತೂ ಯಾರಿಗೂ ಒಳ್ಳೆಯದಲ್ಲ. ಕೈಗವಸು, ಮುಖಕ್ಕೆ ಮಾಸ್ಕ್ ಇರಲಿ. ಆ ನೀರನ್ನು ದನ ಕುಡಿಯುವ ಕಡೆ ಚೆಲ್ಲಬೇಡಿ.

ಸಂಡಾಸು ತೊಳೆಯುವ ಆಸಿಡ್ ಸುರಿದರೆ ಕ್ರೋಮ್ ಬೇಗ ಹೋಗುತ್ತದೆ ಎಂಬ ಉಪಾಯ ಕೇಳಿರಬಹುದು. ಹೋಗುವುದೇನೋ ಹೌದು. ಜೊತೆಗೆ ಕಡ್ಡಿಗಳ ಉಕ್ಕನ್ನು ಪೆಡಸು ಮಾಡಿ ಮುರಿಯುವಂತೆ ಮಾಡಬಹುದು, ಕ್ರೋಮಿಯಂ ಬೆರೆತ ವಿಷದ ನೀರನ್ನು ಅಂಗಳದಲ್ಲಿ ಉಳಿಸುತ್ತದೆ. ಬೇಡ.

ಕಡ್ಡಿ, ಬ್ರೇಕ್ ಡ್ರಮ್ಮಿಗೆ ಮಾಸ್ಕಿಂಗ್ ಟೇಪ್ ಸುತ್ತಿ. ಬ್ರೇಕು ಉಜ್ಜುವ ಮೈಗೆ ಹನಿ ಬಣ್ಣವೂ ತಾಗಬಾರದು. ಜೀಪು, ಕಾರಿನ ಗಾಲಿಯಾದರೆ ನಟ್ ಕೂರುವ ಜಾಗವನ್ನೂ ಮುಚ್ಚಿ. ಅಲ್ಲಿ ದಪ್ಪ ಬಣ್ಣ ಕೂತರೆ ಓಡಾಟದಲ್ಲಿ ಅದು ಒತ್ತಿಹೋಗಿ ನಟ್ ಸಡಿಲಾಗುತ್ತದೆ. ಮೊದಲು ಎಪಾಕ್ಸಿ ಪ್ರೈಮರ್, ಅದು ಒಣಗಿದ ಮೇಲೆ ಬಣ್ಣ: ಒಂದು ಗೇಣಿನಷ್ಟು ದೂರದಿಂದ, ತೆಳುವಾಗಿ, ಹತ್ತು ಹದಿನೈದು ನಿಮಿಷ ಬಿಟ್ಟು ಮೂರು ಸಲ.

ಯಾದಗಿರಿಯಲ್ಲಿ ಇದಕ್ಕೆ ಹೊತ್ತು ನೋಡಬೇಕು. ಬೇಸಿಗೆಯ ನಡುಹಗಲು 42 ಡಿಗ್ರಿ ದಾಟಿದಾಗ ಡಬ್ಬಿಯಿಂದ ಹೊರಟ ಹನಿ ರಿಮ್ ಮುಟ್ಟುವ ಮೊದಲೇ ಅರೆ ಒಣಗಿ, ಮೈ ಮರಳು ಮರಳಾಗುತ್ತದೆ. ಬಿಸಿಲಲ್ಲಿಟ್ಟ ಡಬ್ಬಿಯೂ ಅಪಾಯ. ಮಹಾನವಮಿಯ ಆಯುಧಪೂಜೆಗೆ ಮುಂಚಿನ ವಾರ, ಮಳೆ ಬಿಡುವು ಕೊಟ್ಟ, ಗಾಳಿಯಿಲ್ಲದ ಬೆಳಗು ಒಳ್ಳೆಯದು.

ಬಣ್ಣ ಯಾವುದು? ನನ್ನ ಮತ ಕಪ್ಪಿಗೆ. ಡಬ್ಬಿಯ ಮೇಲೆ ‘ಕ್ರೋಮ್’ ಎಂದು ಬರೆದಿದ್ದರೂ ಒಳಗಿರುವುದು ಸಾಮಾನ್ಯವಾಗಿ ಅಲ್ಯೂಮಿನಿಯಂ ಪುಡಿ. ಕೈ ಆಡಿದಲ್ಲೆಲ್ಲ ಬೂದುಬಣ್ಣವಾಗುತ್ತದೆ. ಸುರಪುರದ ನಾಯಕ ಅರಸರ ಆಶ್ರಯದಲ್ಲಿ ಬೆಳೆದ ಚಿತ್ರಕಲೆಯಲ್ಲಿ ಹೊಳಪು ಬೇಕಾದಲ್ಲಿ ಚಿನ್ನವನ್ನೇ ಬಳಸಿದರು. ಡಬ್ಬಿಯ ಬೆಳ್ಳಿಗೆ ಆ ಯೋಗ್ಯತೆಯಿಲ್ಲ.

ಬಣ್ಣ ಒಂದೇ ದಿನದಲ್ಲಿ ಒಣಗಿದಂತೆ ಕಂಡರೂ ಗಟ್ಟಿಯಾಗಲು ವಾರ ಬೇಕು. ಅಲ್ಲಿಯವರೆಗೆ ಟೈರ್ ಹಾಕಿಸಬೇಡಿ. ಹಾಕಿಸುವಾಗ ಲಿವರಿನ ಅಡಿಗೆ ಹಳೆ ಟ್ಯೂಬಿನ ತುಂಡು ಇಡಲು ಪಂಕ್ಚರ್ ಅಂಗಡಿಯ ಅಣ್ಣನಿಗೆ ಮೊದಲೇ ಹೇಳಿ. ಗೀಚಿದ ಮೇಲೆ ಹೇಳಿ ಉಪಯೋಗವಿಲ್ಲ.