ಕ್ಯಾಮೆರಾ ಹೊರಟುಹೋದ ಮೇಲೆ

ಮಂಡ್ಯ ಜಿಲ್ಲೆಯ ರೈತರ ಆತ್ಮಹತ್ಯೆಗಳು ದೇಶದ ಗಮನ ಸೆಳೆದದ್ದು 2015ರಲ್ಲಿ. ಅದಾದ ಎರಡು ವರ್ಷಕ್ಕೆ, ನಾಗಮಂಗಲ ತಾಲ್ಲೂಕಿನ ಹೊಣಕೆರೆಯ ಕಡೆ ಇರುವ ನನ್ನ ಚಿಕ್ಕಮ್ಮನ ಮನೆಗೆ ಸಾಕ್ಷ್ಯಚಿತ್ರದವರು ಬಂದಿದ್ದರು. ಆಕೆ ಎರಡು ಗಂಟೆ ಮಾತನಾಡಿದರು: ಸಾಲ, ಬತ್ತಿದ ಕೊಳವೆಬಾವಿ, ಗಂಡನ ಸಾವು, ಆಮೇಲೆ ತಾವೇ ಹಸು ಸಾಕಿ, ಡೇರಿಗೆ ಹಾಲು ಹಾಕಿ ಮಕ್ಕಳನ್ನು ಓದಿಸುತ್ತಿರುವುದು. ಚಿತ್ರದಲ್ಲಿ ಉಳಿದದ್ದು ಸೆರಗಿನಿಂದ ಕಣ್ಣೊರೆಸಿಕೊಂಡ ಕ್ಷಣ ಮಾತ್ರ. 'ಅತ್ತಿದ್ದು ನಿಜ ಕಣಪ್ಪ, ಆದ್ರೆ ನಾನು ಬರೀ ಅಳ್ತಾ ಕೂತಿರ್ಲಿಲ್ವಲ್ಲ' ಎಂದರು.

ನೋಡುಗರು ಮಾಡಿಕೊಳ್ಳುವ ಅರ್ಥಕ್ಕೆ ನಿರ್ದೇಶಕ ಹೊಣೆಯೆ? ಅಲ್ಲ ಎನ್ನುವವರ ವಾದದಲ್ಲಿ ಹುರುಳಿದೆ. ಪ್ರತಿ ಪ್ರೇಕ್ಷಕನೂ ತನ್ನ ಪೂರ್ವಗ್ರಹಗಳೊಂದಿಗೇ ಚಿತ್ರ ನೋಡುತ್ತಾನೆ. ಎಲ್ಲ ಅಪಾರ್ಥಗಳನ್ನೂ ನಿರ್ದೇಶಕನ ತಲೆಗೆ ಕಟ್ಟಿದರೆ ಕಹಿಸತ್ಯಗಳನ್ನು ಚಿತ್ರಿಸುವ ಧೈರ್ಯವನ್ನು ಯಾರೂ ಮಾಡಲಾರರು.

ಆದರೆ ನಮ್ಮ ಗಡಿಯಲ್ಲೇ ನಡೆದ ಒಂದು ಪ್ರಸಂಗ ಈ ವಾದದ ಮಿತಿಯನ್ನು ತೋರಿಸುತ್ತದೆ. ಉತ್ತರ ಕರ್ನಾಟಕದ ದೇವದಾಸಿಯರನ್ನೂ ನೆರೆಯ ಸಾಂಗ್ಲಿಯ ಲೈಂಗಿಕ ಕಾರ್ಯಕರ್ತೆಯರನ್ನೂ ಕುರಿತು 2010ರಲ್ಲಿ 'ಪ್ರಾಸ್ಟಿಟ್ಯೂಟ್ಸ್ ಆಫ್ ಗಾಡ್' ಎಂಬ ಸಾಕ್ಷ್ಯಚಿತ್ರ ಅಂತರ್ಜಾಲದಲ್ಲಿ ಪ್ರಸಾರವಾಯಿತು. ಅದನ್ನು ನೋಡಿದ ಸಾಂಗ್ಲಿಯ 'ವೇಶ್ಯಾ ಅನ್ಯಾಯ ಮುಕ್ತಿ ಪರಿಷತ್'ನ ಮಹಿಳೆಯರು ಸುಮ್ಮನಿರಲಿಲ್ಲ. ತಮ್ಮ ಬದುಕನ್ನು ತಪ್ಪಾಗಿ ಬಿಂಬಿಸಲಾಗಿದೆ ಎಂದು ತಾವೇ ಕ್ಯಾಮೆರಾದ ಮುಂದೆ ನಿಂತು ಉತ್ತರದ ವಿಡಿಯೊ ಮಾಡಿದರು.

ದೇವದಾಸಿ ಪದ್ಧತಿಯ ಕ್ರೌರ್ಯವನ್ನು ಯಾರೂ ಅಲ್ಲಗಳೆಯುವಂತಿಲ್ಲ. ಕರ್ನಾಟಕ ಅದರ ವಿರುದ್ಧ 1982ರಲ್ಲೇ ಕಾಯ್ದೆ ರೂಪಿಸಿತು. ಆದರೆ ಸಂಘಟಿತರಾಗಿ ಹಕ್ಕು ಕೇಳುತ್ತಿದ್ದ ಹೆಂಗಸರನ್ನೂ ಇಂಥದೊಂದು ಶೀರ್ಷಿಕೆಯಡಿ ತಂದು ನಿಲ್ಲಿಸಿದರೆ, ದೂರದೇಶದ ಪ್ರೇಕ್ಷಕನಿಗೆ ಬೇರೆ ಅರ್ಥ ಹೊಳೆಯುವುದಾದರೂ ಹೇಗೆ? ಶೀರ್ಷಿಕೆ, ಅನುವಾದ, ಹಿನ್ನೆಲೆ ದನಿ, ಸಂಕಲನದ ಕತ್ತರಿ ಇವು ಯಾವುವೂ ಪ್ರೇಕ್ಷಕನ ಆಯ್ಕೆಗಳಲ್ಲ.

ಆದ್ದರಿಂದ ನನಗನ್ನಿಸುವುದಿಷ್ಟು: ಪ್ರೇಕ್ಷಕನ ಮನಸ್ಸಿಗೆ ನಿರ್ದೇಶಕ ಹೊಣೆಯಲ್ಲ, ಆ ಮನಸ್ಸಿಗೆ ತಾನು ಏನನ್ನು ತಲುಪಿಸಿದೆ, ಗೊತ್ತಿದ್ದೂ ಏನನ್ನು ಕತ್ತರಿಸಿದೆ ಎಂಬುದಕ್ಕೆ ಖಂಡಿತ ಹೊಣೆ. ಚಿತ್ರವನ್ನು ಜಗತ್ತಿಗೆ ತೋರಿಸುವ ಮುನ್ನ ಅದರಲ್ಲಿರುವವರಿಗೆ ಅವರದೇ ಭಾಷೆಯಲ್ಲಿ ತೋರಿಸುವುದು ಈ ಹೊಣೆಯ ಮೊದಲ ಮೆಟ್ಟಿಲು. ಅವರ ಆಕ್ಷೇಪಗಳನ್ನೆಲ್ಲ ಒಪ್ಪಬೇಕೆಂದಿಲ್ಲ, ಕೇಳಿಸಿಕೊಳ್ಳಲೇಬೇಕು.

ಸಾಂಗ್ಲಿಯ ಮಹಿಳೆಯರ ಬೆನ್ನಿಗೆ ಸಂಘಟನೆಯಿತ್ತು, ಉತ್ತರ ಕೊಟ್ಟರು. ನನ್ನ ಚಿಕ್ಕಮ್ಮನಿಗೆ ಅದಿಲ್ಲ. ಆ ಚಿತ್ರ ನೋಡಿದವರ ಪಾಲಿಗೆ ಆಕೆ ಇಂದಿಗೂ ಅಳುತ್ತಲೇ ಇದ್ದಾರೆ. ಹೊಣಕೆರೆಯ ಕಡೆ ಮಾತ್ರ, ಬೆಳಗಿನ ಹಾಲು ಕರೆದು ಡೇರಿಯ ಸರದಿಯಲ್ಲಿ ನಿಂತಿರುತ್ತಾರೆ.